ವಿಟಮಿನ್ ಡಿ, ಐವಿಎಫ್ ಮತ್ತು ಹೋದ ಹದಿನಾಲ್ಕು ತಿಂಗಳು

ಎಲ್ರಿಗೂ ನಮಸ್ಕಾರ. ಹಿಂದೆ ನಿಂತಿರೋರು ಮುಂದೆ ಬನ್ನಿ, ಮೊದಲ ಸಾಲಿನಲ್ಲಿ ಜಾಗ ಇದೆ. ವಿಟಮಿನ್ ಡಿ ಅಂದ್ರೇನು ಅಂತ ನಾನು ಅಆಇಈಯಿಂದ ಶುರು ಮಾಡಲ್ಲ, ಯಾಕಂದ್ರೆ ಇಲ್ಲಿರೋರಲ್ಲಿ ಅರ್ಧ ಜನ ಆ ಅರವತ್ತು ಸಾವಿರ ಯೂನಿಟ್ಟಿನ ವಿಟಮಿನ್ ಡಿ ಪುಡಿ ಸ್ಯಾಶೆನ ಹಾಲಿಗೆ ಕಲಸಿ ಕುಡಿದೋರೇ ಇರ್ತೀರಿ. ಇವತ್ತು ಇಲ್ಲಿಗೆ ಬಂದಿರೋದಕ್ಕೆ ಕಾರಣ ಒಬ್ಬ ಹೆಣ್ಣುಮಗಳು. ಅವಳ ಕಥೆ ಮೊದಲು ಹೇಳಿಬಿಡ್ತೀನಿ, ಸ್ವಲ್ಪ ಉದ್ದ ಇದೆ, ತಡ್ಕೊಳ್ಳಿ.

ತಿಪಟೂರು ಕಡೆಯವಳು, ತೆಂಗಿನ ತೋಟದ ಮನೆ. ಮದುವೆಯಾಗಿ ಒಂಬತ್ತು ವರ್ಷ, ವಯಸ್ಸು ಮೂವತ್ತಾರು. ಒಂದು ಕಡೆ ತೋರಿಸಿದಾರೆ, ಅಲ್ಲಿ ರಕ್ತ ಪರೀಕ್ಷೆ ಮಾಡಿ ವಿಟಮಿನ್ ಡಿ 11 ಇದೆ, ಅಂದ್ರೆ ಒಂದು ಮಿಲಿಲೀಟರಿಗೆ 11 ನ್ಯಾನೋಗ್ರಾಂ, ಇದು ನಲವತ್ತಕ್ಕೆ ಬರೋವರೆಗೂ ಐವಿಎಫ್, ಅಂದ್ರೆ ಅಂಡಾಣು ವೀರ್ಯಾಣು ದೇಹದ ಹೊರಗೆ ಸೇರಿಸಿ ಗರ್ಭಕೋಶಕ್ಕೆ ಇಡೋ ಚಿಕಿತ್ಸೆ, ಅದನ್ನ ಮಾಡಿದ್ರೂ ಗರ್ಭ ನಿಲ್ಲಲ್ಲ ಅಂತ ಹೇಳಿ ಕಳಿಸಿದಾರೆ. ಪಾಪ ಇವಳು ಸ್ಯಾಶೆ ತಗೊಂಡಳು, ಮಾತ್ರೆ ತಗೊಂಡಳು, ಅದು ಸಾಲದು ಅಂತ ಇವಳ ಅತ್ತೆ ದಿನಾ ಬೆಳಿಗ್ಗೆ ಆರೂವರೆಗೆ ಎಬ್ಬಿಸಿ ಮನೆ ಮಾಳಿಗೆ ಮೇಲೆ ಪೂರ್ವಕ್ಕೆ ಮುಖ ಮಾಡಿ ಎಳೆಬಿಸಿಲಲ್ಲಿ ಕೂರಿಸೋರು. ಜೊತೆಗೆ ಅತ್ತೇನೂ ಕೂರೋರು, ಅದೂ ದಿನಕ್ಕೆ ಒಂದು ಗಂಟೆ. ಮೂರು ತಿಂಗಳಿಗೊಮ್ಮೆ ಟೆಸ್ಟು. ಹದಿನೆಂಟು ಬಂತು, ಇಪ್ಪತ್ಮೂರು ಬಂತು, ಮಧ್ಯೆ ಮಾತ್ರೆ ಬಿಟ್ಟಾಗ ಮತ್ತೆ ಇಳೀತು. ಹಿಂಗೇ ಹದಿನಾಲ್ಕು ತಿಂಗಳು ಕಳೆದು ನನ್ನ ಹತ್ರ ಬಂದಾಗ ಅವಳಿಗೆ ಮೂವತ್ತೇಳು ದಾಟಿತ್ತು, ಎಎಂಎಚ್ ಅಂದ್ರೆ ಅಂಡಾಶಯದಲ್ಲಿ ಎಷ್ಟು ದಾಸ್ತಾನಿದೆ ಅಂತ ಅಂದಾಜು ಹೇಳೋ ಟೆಸ್ಟು, ಅದು ಮೊದಲು 1.4 ಇದ್ದದ್ದು 0.9ಕ್ಕೆ ಬಂದಿತ್ತು.

ಅತ್ತೆ ಕೇಳಿದ್ರು, "ಡಾಕ್ಟ್ರಮ್ಮ, ನಾವೇನು ಸರಿಯಾಗಿ ಕೂರಲಿಲ್ವಾ?"

ಆ ಮಾತು ಇವತ್ತಿಗೂ ನನ್ನ ಕಿವೀಲಿದೆ. ಎಷ್ಟೊಂದು ಅತ್ತೆಯರನ್ನ ನೋಡಿದೀನಿ, ಸೊಸೆ ಜೊತೆ ಬಿಸಿಲಿಗೆ ಕೂತ ಅತ್ತೆ ಅಪರೂಪ ಕಣ್ರೀ. ಅಂಥ ತಾಯಿ ಮನಸ್ಸಲ್ಲಿ ತಪ್ಪು ನಮ್ಮದು ಅನ್ನೋ ಭಾವನೆ ಹಾಕಿ ಕಳಿಸಿದ್ರಲ್ಲ ಅಂತ ನನಗೆ ಸಿಟ್ಟು ಬಂತು, ಈಗ್ಲೂ ಬರುತ್ತೆ.

ಈ ಎಳೆಬಿಸಿಲಿನ ವಿಚಾರ ಮೊದಲು ಹೇಳ್ತೀನಿ. ನಮ್ಮ ಚರ್ಮದಲ್ಲಿ ವಿಟಮಿನ್ ಡಿ ಆಗೋದು ಬಿಸಿಲಲ್ಲಿರೋ ಯುವಿ-ಬಿ ಕಿರಣದಿಂದ. ಬೆಳಿಗ್ಗೆ ಸೂರ್ಯ ಓರೆಯಾಗಿರ್ತಾನೆ, ಕಿರಣ ಗಾಳಿಯಲ್ಲಿ ತುಂಬಾ ದೂರ ಹಾದು ಬರಬೇಕು, ಯುವಿ-ಬಿ ಹೆಚ್ಚುಕಮ್ಮಿ ಎಲ್ಲಾ ಮೇಲೇ ಸೋಸಿಹೋಗುತ್ತೆ. ಎಳೆಬಿಸಿಲು ಹಿತ, ಮನಸ್ಸಿಗೂ ಒಳ್ಳೇದು, ಆದ್ರೆ ವಿಟಮಿನ್ ಡಿ ಲೆಕ್ಕಕ್ಕೆ ಹತ್ತಿರ ಹತ್ತಿರ ಸೊನ್ನೆ. ತಿರುಪತಿಯಲ್ಲಿ ಅಳತೆ ಮಾಡಿ ನೋಡಿದಾರೆ, ಹನ್ನೊಂದರಿಂದ ಎರಡರ ಒಳಗಿನ ಬಿಸಿಲಲ್ಲೇ ಚೆನ್ನಾಗಿ ಆಗೋದು. ಗಡಿಯಾರ ಬೇಡ ಅಂದ್ರೆ ನೆರಳು ನೋಡ್ಕೊಳ್ಳಿ, ನೆರಳು ನಿಮಗಿಂತ ಗಿಡ್ಡ ಇದ್ರೆ ಆಗುತ್ತೆ, ಉದ್ದ ಇದ್ರೆ ಇಲ್ಲ. ಕಿಟಕಿ ಗಾಜಿನ ಹಿಂದೆ ಕೂತ್ರೂ ಇಲ್ಲ, ಗಾಜು ಅದನ್ನ ತಡೆಯುತ್ತೆ. ಮೈಬಣ್ಣ ಕಪ್ಪಿದ್ದಷ್ಟೂ ಹೊತ್ತು ಹೆಚ್ಚು ಬೇಕು. ಇಷ್ಟು ಬಿಸಿಲಿರೋ ದೇಶದಲ್ಲಿ ಕೊರತೆ ಯಾಕೆ ಅಂತ ಕೇಳ್ತಾರಲ್ಲ, ಹನ್ನೊಂದರಿಂದ ಎರಡರವರೆಗೆ ನೀವೆಲ್ಲಿರ್ತೀರಿ ಅಂತ ಒಂದ್ಸಲ ನೆನಪಿಸ್ಕೊಳ್ಳಿ. ಅಡುಗೆಮನೆ, ಆಫೀಸು, ಗಾರ್ಮೆಂಟ್ಸು, ಎಲ್ಲಾ ಸೂರಿನ ಕೆಳಗೆ.

ಸರಿ, ಐವಿಎಫ್‌ಗೂ ಇದಕ್ಕೂ ಏನು ಸಂಬಂಧ? ಸಂಬಂಧ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಅಂಡಾಶಯ, ಗರ್ಭಕೋಶದ ಒಳಪದರ, ಮಾಸು, ಎಲ್ಲಾ ಕಡೆ ವಿಟಮಿನ್ ಡಿ ಬಂದು ಕೂರೋ ರಿಸೆಪ್ಟರ್ ಇದಾವೆ. 2017ರ ಕೊನೇಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯೋರು 11 ಅಧ್ಯಯನ ಸೇರಿಸಿ 2,700 ಹೆಂಗಸರ ಲೆಕ್ಕ ಕೊಟ್ರು, ವಿಟಮಿನ್ ಡಿ ಸಾಕಷ್ಟಿದ್ದೋರಿಗೆ ಚಿಕಿತ್ಸೆಯಿಂದ ಮಗು ಆಗೋ ಸಂಭವ ಹೆಚ್ಚು ಕಂಡಿತ್ತು. ಪೇಪರಲ್ಲಿ ದೊಡ್ಡದಾಗಿ ಬಂತು. ಆದ್ರೆ ಅದೇ ಸಂಶೋಧಕರು, ಇದು ಬರೀ ಸಂಬಂಧ, ಕಾರಣ ಅಂತ ಸಾಬೀತಾಗಿಲ್ಲ, ಟ್ರಯಲ್ ಆಗೋವರೆಗೂ ಮಾತ್ರೆಗೆ ಓಡಬೇಡಿ ಅಂದಿದ್ರು. ಆ ಭಾಗ ಯಾರೂ ಓದ್ಲಿಲ್ಲ.

ಸಂಬಂಧ ಬೇರೆ, ಕಾರಣ ಬೇರೆ. ತೆಂಗಿನ ತೋಟ ಇರೋರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಬುಡದಲ್ಲಿ ಹುಲ್ಲು ಹಸಿರಾಗಿರೋ ಮರದಲ್ಲಿ ಕಾಯಿ ಜಾಸ್ತಿ ಇರುತ್ತೆ, ನಿಜ, ಯಾಕಂದ್ರೆ ಅಲ್ಲಿ ನೀರು ಬಿದ್ದಿರುತ್ತೆ. ಹಂಗಂತ ಒಣಗಿದ ಮರದ ಬುಡಕ್ಕೆ ಹುಲ್ಲು ತಂದು ನೆಟ್ರೆ ಕಾಯಿ ಬಿಡುತ್ತಾ? ವಿಟಮಿನ್ ಡಿ ಚೆನ್ನಾಗಿರೋ ಹೆಂಗಸರು ಸಾಮಾನ್ಯವಾಗಿ ಹೊರಗೆ ಓಡಾಡೋರು, ತೂಕ ಹದವಾಗಿರೋರು. ಕೊಬ್ಬು ಜಾಸ್ತಿ ಇದ್ರೆ ವಿಟಮಿನ್ ಡಿ ಅದರಲ್ಲೇ ಹುದುಗಿ ರಕ್ತದಲ್ಲಿ ಕಮ್ಮಿ ತೋರಿಸುತ್ತೆ. ಹಂಗಾದ್ರೆ ಗರ್ಭ ನಿಂತಿದ್ದು ಹುಲ್ಲಿಂದಲೋ ನೀರಿಂದಲೋ?

ಅದನ್ನ ತಿಳ್ಕೊಳ್ಳೋಕೇ ಇಟಲಿಯ ಮಿಲಾನ್‌ನಲ್ಲಿ ಸರಿಯಾದ ಟ್ರಯಲ್ ಮಾಡಿದ್ರು, 2021ರಲ್ಲಿ ಪ್ರಕಟ ಆಯ್ತು. 630 ಹೆಂಗಸರು, ಎಲ್ರಿಗೂ ವಿಟಮಿನ್ ಡಿ 30ಕ್ಕಿಂತ ಕಮ್ಮಿ, ಎಲ್ರೂ ಐವಿಎಫ್‌ಗೆ ಬಂದೋರು, ತೂಕ ಹದವಾಗಿದ್ದೋರು. ಚೀಟಿ ಎತ್ತಿದ ಹಂಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದೇ ಸಲ ಆರು ಲಕ್ಷ ಯೂನಿಟ್ ಕುಡಿಸಿದ್ರು. ನಮ್ಮಲ್ಲಿ ಆರು ಲಕ್ಷದ ಇಂಜೆಕ್ಷನ್ ಅಂತಾರಲ್ಲ, ಅಷ್ಟೇ ಪ್ರಮಾಣ, ಬಾಯಲ್ಲಿ. ಇನ್ನೊಂದು ಗುಂಪಿಗೆ ಔಷಧಿ ಇಲ್ಲದ ದ್ರವ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ. ವಿಟಮಿನ್ ತಗೊಂಡೋರಲ್ಲಿ ನೂರಕ್ಕೆ 37 ಜನ ಗರ್ಭಿಣಿಯಾದ್ರು, ತಗೊಳ್ಳದೇ ಇದ್ದೋರಲ್ಲಿ 40. ಲೆಕ್ಕಶಾಸ್ತ್ರದ ಪ್ರಕಾರ ಎರಡೂ ಒಂದೇ.

ನೋಡಿ, ಮಟ್ಟ ಏರಿಸಿದ್ರೂ ಫಲಿತಾಂಶ ಏರಲಿಲ್ಲ. ಆ ಹುಡುಗಿ ಹದಿನಾಲ್ಕು ತಿಂಗಳು ಕಾದಿದ್ದು ಇದಕ್ಕೆ.

ಇನ್ನೂ ಒಂದು ವಿಷಯ. 30 ಇರಲೇಬೇಕು ಅಂತ 2011ರಲ್ಲಿ ಅಮೆರಿಕದ ಎಂಡೋಕ್ರೈನ್ ಸೊಸೈಟಿ ಹೇಳಿತ್ತು. ಅದೇ ಸೊಸೈಟಿ 2024ರಲ್ಲಿ ಆ ಗೆರೆನ ವಾಪಸ್ ತಗೊಂಡಿದೆ, ಆರೋಗ್ಯವಾಗಿರೋರಿಗೆ ಸುಮ್ಮನೆ ಟೆಸ್ಟ್ ಮಾಡಿಸಬೇಡಿ ಅಂದಿದೆ, ಆದ್ರೆ ಗರ್ಭಿಣಿಯರಂಥ ಕೆಲವರಿಗೆ ಟೆಸ್ಟ್ ಇಲ್ಲದೇನೇ ಸಣ್ಣ ಪ್ರಮಾಣದಲ್ಲಿ ಕೊಡಬಹುದು ಅಂತ ಸಲಹೆ ಕೊಟ್ಟಿದೆ. ಹಂಗಾಗಿ ಕೊರತೆ ಇದ್ರೆ ಖಂಡಿತ ಸರಿಮಾಡ್ಕೊಳ್ಳಿ, ನಿಮ್ಮ ಮೂಳೆಗೆ ಬೇಕು, ನಾಳೆ ಹುಟ್ಟೋ ಮಗುವಿನ ಮೂಳೆಗೂ ಬೇಕು. ನಾನೂ ಬರೀತೀನಿ, ದಿನಾ ಬರೀತೀನಿ. ಆದ್ರೆ ಅದನ್ನ ತಗೋತಾ ತಗೋತಾನೇ ಚಿಕಿತ್ಸೆ ಶುರು ಮಾಡಿ, ಮಾತ್ರೆ ಕಾಯುತ್ತೆ, ಅಂಡಾಣು ಕಾಯಲ್ಲ. ಮೂವತ್ತೈದು ದಾಟಿದ್ಮೇಲೆ ಒಂದೊಂದು ತಿಂಗಳಿಗೂ ಬೆಲೆ ಇದೆ, ಎಳೆಬಿಸಿಲಿಗೆ ಅದನ್ನ ಸುರೀಬೇಡಿ.

ಹತ್ತು ನಿಮಿಷ ಉಳಿದಿದೆ ಅಂತ ಚೀಟಿ ಬಂತು. ಸರಿ, ಬೇಗ ಹೇಳ್ತೀನಿ.

ಸ್ಯಾಶೆ ವಾರಕ್ಕೊಂದು, ದಿನಕ್ಕೊಂದಲ್ಲ. ವಾರಕ್ಕೊಂದು ಅಂತ ಬರೆದಿದ್ದನ್ನ ಬೇಗ ಏರಲಿ ಅಂತ ದಿನಾ ತಗೊಂಡು ವಾಂತಿ, ಸುಸ್ತು, ಮಲಬದ್ಧತೆ ಅಂತ ಬಂದೋರನ್ನ ನೋಡಿದೀನಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತೆ. ಊಟದ ಜೊತೆ ತಗೊಳ್ಳಿ, ಕೊಬ್ಬಿನಲ್ಲಿ ಕರಗೋ ವಿಟಮಿನ್ ಅದು. ಆರು ಲಕ್ಷದ ಇಂಜೆಕ್ಷನ್ ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ಹಾಕಿಸ್ಕೋಬೇಡಿ.

ಗಂಡಸರ ವಿಚಾರ ಒಂದು ಮಾತು. ಡೆನ್ಮಾರ್ಕಿನಲ್ಲಿ ಮಕ್ಕಳಾಗದ 330 ಗಂಡಸರ ಮೇಲೆ ಟ್ರಯಲ್ ಮಾಡಿದ್ರು, ವಿಟಮಿನ್ ಡಿಯಿಂದ ವೀರ್ಯದ ಗುಣಮಟ್ಟ ಸುಧಾರಿಸಲಿಲ್ಲ. ಆದ್ರೆ ನನ್ನ ಮಾತು ಅದಲ್ಲ. ಆ ತಿಪಟೂರಿನ ಹುಡುಗಿ ಫೈಲಲ್ಲಿ ವಿಟಮಿನ್ ಡಿ ರಿಪೋರ್ಟು ಐದಿತ್ತು, ಗಂಡನ ವೀರ್ಯ ಪರೀಕ್ಷೆ ಒಂದೂ ಇರಲಿಲ್ಲ! ಒಂಬತ್ತು ವರ್ಷದಲ್ಲಿ ಒಂದೂ ಇಲ್ಲ. ನಾವು ಮಾಡಿಸಿದ್ವಿ, ಸಂಖ್ಯೆ ತೀರಾ ಕಮ್ಮಿ ಇತ್ತು. ಅವಳೊಬ್ಬಳನ್ನೇ ಮಾಳಿಗೆ ಹತ್ತಿಸಿದ್ರು. ವಿಟಮಿನ್ ಡಿ 24 ಇದ್ದಾಗಲೇ ಐವಿಎಫ್ ಶುರು ಮಾಡಿದ್ವಿ. ಮೊದಲ ಸಲ ನಿಲ್ಲಲಿಲ್ಲ. ಎರಡನೇ ಸಲಕ್ಕೆ ಈಗ ತಯಾರಿ ನಡೀತಿದೆ, ಅತ್ತೆ ಪ್ರತಿ ಸಲ ಜೊತೇಲಿ ಬರ್ತಾರೆ, ಈಗ ಮಗನ್ನೂ ಕರ್ಕೊಂಡು ಬರ್ತಾರೆ.

ಇನ್ನು ಪಿಸಿಓಡಿ ಅಂತಾರಲ್ಲ, ಮುಟ್ಟು ಏರುಪೇರು ಮಾಡೋ ಆ ಅಂಡಾಶಯದ ತೊಂದರೆ ಬಗ್ಗೆ, ತೂಕದ ಬಗ್ಗೆ ಹೇಳಬೇಕಿತ್ತು, ಟೈಮಿಲ್ಲ. ಊಟದ ಹೊತ್ತಲ್ಲಿ ವೇದಿಕೆ ಪಕ್ಕದಲ್ಲೇ ಇರ್ತೀನಿ, ರಿಪೋರ್ಟ್ ತಂದಿರೋರು ಸಂಕೋಚ ಇಲ್ಲದೆ ಬನ್ನಿ. ಯಜಮಾನ್ರ ರಿಪೋರ್ಟೂ ತನ್ನಿ. ಇಲ್ಲ ಅಂದ್ರೆ ಯಜಮಾನ್ರನ್ನೇ ಕರ್ಕೊಂಡು ಬನ್ನಿ.