ವಾಲ್ವ್ ಕೀಳುವ ಮುನ್ನ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ವಾಲ್ವ್ ಆಂಪ್ಲಿಫೈಯರನ್ನು ಈಗಷ್ಟೇ ಆನ್ ಮಾಡಿದ್ದೇನೆ. ವಾಲ್ವ್ ಎಂದರೆ ಸದ್ದಿನ ಸಿಗ್ನಲನ್ನು ಹಿಗ್ಗಿಸುವ, ಗಾಳಿ ತೆಗೆದ ಗಾಜಿನ ಬುರುಡೆ. ಸ್ಪೀಕರ್ ಜೋಡಿಸಿದೆ, ಹಾಡು ಹಾಕಿಲ್ಲ. ಎಡಗಡೆಯ ಮೊದಲ ಔಟ್‌ಪುಟ್ ವಾಲ್ವಿನ ಬಯಸ್ ಮೀಟರಿನಲ್ಲಿ 31 ಮಿಲಿವೋಲ್ಟ್ ಕಾಣಿಸುತ್ತಿದೆ. ಹಾಡಿಲ್ಲದಾಗಲೂ ವಾಲ್ವಿನಲ್ಲಿ ಹರಿಯುವ ಕರೆಂಟನ್ನು ಹೊಂದಿಸುವುದೇ ಬಯಸ್. ಈ ಅಂಕಿ ನೆನಪಿರಲಿ, ಕೊನೆಗೆ ಮತ್ತೆ ಇಲ್ಲಿಗೇ ಬರೋಣ.

ನನ್ನ ಕೈಯಲ್ಲಿರುವ ಈ ಎರಡನ್ನೂ ನೋಡಿ. ಎರಡೂ ಇಎಲ್34 ಎಂಬ ಮಾದರಿಯ ಔಟ್‌ಪುಟ್ ವಾಲ್ವುಗಳು, ಸ್ಪೀಕರನ್ನು ನಡೆಸುವಂಥವು. ಒಂದರ ನೆತ್ತಿಯಲ್ಲಿ ಗಾಜಿನ ಒಳಮೈಗೆ ಕನ್ನಡಿಯಂಥ ಬೆಳ್ಳಿ ಹೊಳಪಿದೆ. ಇನ್ನೊಂದರಲ್ಲಿ ಅದೇ ಜಾಗ ಸುಣ್ಣ ಬಳಿದಂತೆ ಬೆಳ್ಳಗಾಗಿದೆ. ಈ ಲೇಪಕ್ಕೆ ಗೆಟರ್ ಎನ್ನುತ್ತಾರೆ. ಅದು ಬೇರಿಯಂ. ಗಾಳಿ ಎಳೆದು ಗಾಜು ಮುಚ್ಚಿದ ಮೇಲೂ ಒಳಗೆ ಉಳಿಯುವ ಚೂರುಪಾರು ಅನಿಲವನ್ನು ಹೀರಿಕೊಳ್ಳುವುದು ಅದರ ಕೆಲಸ. ಗಾಜಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಟ್ಟರೂ ಸಾಕು, ಹೊರಗಿನ ಗಾಳಿ ಒಳಹೋಗಿ ಬೇರಿಯಂ ಹೀಗೆ ಬಿಳಿಚಿಕೊಳ್ಳುತ್ತದೆ. ಇಂಥ ವಾಲ್ವನ್ನು ಪರೀಕ್ಷೆಗೆಂದೂ ಸಾಕೆಟ್ಟಿಗೆ ಹಾಕಬೇಡಿ, ಎತ್ತಿ ಪಕ್ಕಕ್ಕಿಡಿ.

ಎಲ್ಲ ವಾಲ್ವುಗಳೂ ಇಷ್ಟು ಸ್ಪಷ್ಟವಾಗಿ ತಮ್ಮ ಸ್ಥಿತಿ ಹೇಳುವುದಿಲ್ಲ. ಆಗ ನಾವು ಅವಸರ ಮಾಡುತ್ತೇವೆ. ಶಬ್ದ ಕೆಟ್ಟಿತೆಂದರೆ ಮೊದಲು ಕೈ ಹೋಗುವುದು ವಾಲ್ವಿಗೆ, ಏಕೆಂದರೆ ಬರಿಗೈಯಲ್ಲಿ ಬದಲಿಸಬಹುದಾದ ಭಾಗ ಅದೊಂದೇ. ನಾನೂ ಹಾಗೇ ಮಾಡಿದ್ದೆ. ಒಂದು ಸಂಜೆ ಬಲಗಡೆಯ ಇಎಲ್34 ಒಂದರ ಪ್ಲೇಟು, ಎಂದರೆ ಒಳಗೆ ಎಲೆಕ್ಟ್ರಾನುಗಳು ಬಂದು ಸೇರುವ ಲೋಹದ ತಗಡು, ಕುಲುಮೆಯ ಕಬ್ಬಿಣದಂತೆ ಕೆಂಪಗಾಯಿತು. ತಕ್ಷಣ ಆಫ್ ಮಾಡಿದೆ. ವಾಲ್ವಿನ ಆಯಸ್ಸು ಮುಗಿಯಿತೆಂದು ಹೊಸ ಜೋಡಿ ತಂದು ಹಾಕಿದೆ. ಹತ್ತು ನಿಮಿಷ ಕಳೆಯುವುದರೊಳಗೆ ಅದೇ ಸಾಕೆಟ್ಟಿನ ಹೊಸ ವಾಲ್ವೂ ಕೆಂಪೇರಿತು. ದೋಷವಿದ್ದದ್ದು ವಾಲ್ವಿನಲ್ಲಲ್ಲ, ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರಿನಲ್ಲಿ. ಹಿಂದಿನ ಹಂತದ ಪ್ಲೇಟಿನಲ್ಲಿರುವ ನೂರಾರು ವೋಲ್ಟ್ ಡಿಸಿಯನ್ನು ತಡೆದು ಸಂಗೀತವನ್ನು ಮಾತ್ರ ಮುಂದೆ ಬಿಡಬೇಕಾದ ಭಾಗ ಅದು. ಅದು ಸೋರತೊಡಗಿತ್ತು. ವಾಲ್ವಿನೊಳಗೆ ಕರೆಂಟನ್ನು ಹಿಡಿತದಲ್ಲಿಡುವ ತಂತಿ ಜಾಲರಿ ಗ್ರಿಡ್. ಆ ಗ್ರಿಡ್ಡಿಗೆ ಮೈನಸ್ 36 ವೋಲ್ಟಿನ ಆಸುಪಾಸು ಸಿಗಬೇಕಿದ್ದ ಕಡೆ ಮೈನಸ್ 20 ಸಿಗುತ್ತಿತ್ತು. ಗ್ರಿಡ್ಡಿನ ಹಿಡಿತ ಸಡಿಲವಾದರೆ ಕರೆಂಟ್ ಎಗ್ಗಿಲ್ಲದೆ ಹರಿಯುತ್ತದೆ, ಪ್ಲೇಟ್ ಕಾಯುತ್ತದೆ. ಆ ಹೊಸ ವಾಲ್ವ್ ಮತ್ತೆ ಮೊದಲಿನಂತಾಗಲಿಲ್ಲ. ಅದನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಆದ್ದರಿಂದ ನನ್ನ ಮೊದಲ ಸಲಹೆ ಅದಲು ಬದಲು. ಆಫ್ ಮಾಡಿ, ತಣ್ಣಗಾಗಲು ಬಿಡಿ, ಎಡಗಡೆಯ ವಾಲ್ವನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿ. ದೋಷ ವಾಲ್ವಿನ ಜೊತೆಗೇ ಆಚೆ ಹೋದರೆ ವಾಲ್ವ್ ಬದಲಿಸಿ. ದೋಷ ಇದ್ದಲ್ಲೇ ಉಳಿದರೆ ಸಾಕೆಟ್ಟನ್ನೋ ಸರ್ಕ್ಯೂಟನ್ನೋ ನೋಡಬೇಕು. ಇದು ಚಟಚಟ ಸದ್ದಿಗೆ, ಗುಂಯ್‌ಗುಡುವಿಕೆಗೆ, ಒಂದು ಕಡೆ ದನಿ ಕುಗ್ಗಿದ್ದಕ್ಕೆ ಸರಿ. ಪ್ಲೇಟ್ ಕೆಂಪಾಗಿದ್ದರೆ ಈ ಪ್ರಯೋಗ ಬೇಡ, ಒಳ್ಳೆಯ ವಾಲ್ವನ್ನೂ ಕಳೆದುಕೊಳ್ಳುತ್ತೀರಿ. ಅಲ್ಲಿ ಮೊದಲು ಆ ಸಾಕೆಟ್ಟಿನ ಗ್ರಿಡ್ ವೋಲ್ಟೇಜ್ ಅಳೆಯಬೇಕು. ಇಎಲ್34ರಲ್ಲಿ ಅದು 5ನೇ ಪಿನ್. ಹೈ ವೋಲ್ಟೇಜಿನಲ್ಲಿ ಕೈ ಪಳಗಿದವರೇ ಅದನ್ನು ಅಳೆಯಲಿ.

ಚಿಕ್ಕ ವಾಲ್ವುಗಳಿಗೆ ಪೆನ್ಸಿಲ್ ಪರೀಕ್ಷೆ ಇದೆ. ವಾಲ್ಯೂಮ್ ಸ್ವಲ್ಪ ಏರಿಸಿ, ಮರದ ಪೆನ್ಸಿಲಿನ ರಬ್ಬರ್ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಸಣ್ಣಗೆ ಟಕ್ ಎಂದರೆ ಪರವಾಗಿಲ್ಲ. ಗಂಟೆ ಬಡಿದಂತೆ ಠಣ್ಣೆಂದು ದನಿ ಉಳಿದರೆ ಒಳಗಿನ ಎಲೆಕ್ಟ್ರೋಡುಗಳು ಅಲುಗಾಡುತ್ತಿವೆ.

ಇನ್ನು ಬಣ್ಣ. ಔಟ್‌ಪುಟ್ ವಾಲ್ವಿನ ಗಾಜಿನ ಒಳಮೈಗೆ ಅಂಟಿದಂತೆ ಕಾಣುವ ನೀಲಿ ಬೆಳಕಿಗೆ ಹೆದರಬೇಕಿಲ್ಲ. ದಾರಿ ತಪ್ಪಿದ ಎಲೆಕ್ಟ್ರಾನುಗಳು ಗಾಜಿಗೆ ಬಡಿದು ಹೊಳೆಯುವುದು ಅದು. ಎಲೆಕ್ಟ್ರೋಡುಗಳ ನಡುವೆಯೇ ನೇರಳೆ ಮಂಜು ತುಂಬಿಕೊಂಡಿದ್ದರೆ ಮಾತ್ರ ಒಳಗೆ ಅನಿಲ ಸೇರಿದೆ ಎಂದರ್ಥ.

ವಾಲ್ವ್ ಸವೆಯುವುದಾದರೂ ಏಕೆ? ಫ್ಲೆಮಿಂಗ್ 1904ರಲ್ಲಿ ಡಯೋಡ್ ಮಾಡಿದ, ಲೀ ಡಿ ಫಾರೆಸ್ಟ್ 1906ರಲ್ಲಿ ಗ್ರಿಡ್ ಸೇರಿಸಿದ. ಅಂದಿನಿಂದ ಇಂದಿನವರೆಗೆ ಮೂಲ ಕೆಲಸ ಒಂದೇ: ಕಾದ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಚೆಲ್ಲುತ್ತದೆ. ನಮ್ಮ ಆಂಪ್ಲಿಫೈಯರುಗಳ ಬಹುಪಾಲು ವಾಲ್ವುಗಳಲ್ಲಿ ಕ್ಯಾಥೋಡಿನ ಮೇಲೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪವಿರುತ್ತದೆ, ಬಳಸಿದಂತೆಲ್ಲ ಅದರ ಶಕ್ತಿ ಕುಂದುತ್ತದೆ. ದುಡಿಮೆ ಹೆಚ್ಚಿರುವ ಔಟ್‌ಪುಟ್ ವಾಲ್ವ್ ಕೆಲವು ಸಾವಿರ ಗಂಟೆಗಳಲ್ಲಿ ಸೋಲುತ್ತದೆ. 12ಎಎಕ್ಸ್7ನಂಥ ಚಿಕ್ಕದು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬರುತ್ತದೆ. ವರ್ಷವಾಯಿತೆಂದು ಎಲ್ಲವನ್ನೂ ಒಟ್ಟಿಗೆ ಕಿತ್ತು ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿ ಹಾಡುತ್ತಿರುವ ಹಳೆಯ 12ಎಎಕ್ಸ್7 ಇದ್ದಲ್ಲೇ ಇರಲಿ.

ಈಗ ಪ್ರಾಣಕ್ಕೆ ಸಂಬಂಧಿಸಿದ ಮಾತು. ದಯವಿಟ್ಟು ಗಮನವಿಟ್ಟು ಕೇಳಿ. ಈ ಪೆಟ್ಟಿಗೆಯೊಳಗೆ 400 ವೋಲ್ಟಿಗೂ ಮಿಕ್ಕಿದ ಡಿಸಿ ಇದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ಮೇಲಿನಿಂದ ವಾಲ್ವ್ ಬದಲಿಸುವವರಿಗೆ ಪ್ಲಗ್ ಕಿತ್ತು, ಆರಲು ಬಿಟ್ಟರೆ ಸಾಕು. ಅಡಿಯ ತಗಡು ಬಿಚ್ಚುವವರು ಮಲ್ಟಿಮೀಟರಿನಲ್ಲಿ ಅಳೆಯದೆ ಬೆರಳು ಹಾಕಬಾರದು. 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಟ್ ಮಾಡಿದ ಕ್ಲಿಪ್‌ಗಳಿಂದ ಜೋಡಿಸಿ ಕೆಪಾಸಿಟರ್ ಖಾಲಿ ಮಾಡಿ, ಮತ್ತೆ ಅಳೆಯಿರಿ. ಒಂದು ಕೈ ಬೆನ್ನ ಹಿಂದೆ ಇರಲಿ, ಶಾಕ್ ಎದೆಯನ್ನು ಹಾದುಹೋಗುವ ದಾರಿ ಆಗ ತಪ್ಪುತ್ತದೆ. ಫ್ಯೂಸ್ ಹೋದರೆ ಅದೇ ಅಳತೆಯದನ್ನೇ ಹಾಕಿ. ಸ್ಪೀಕರ್ ಇಲ್ಲದೆ ಆಂಪ್ಲಿಫೈಯರ್ ನಡೆಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಚಿಮ್ಮಿ ಒಳಗಿನ ಇನ್ಸುಲೇಶನ್ ಸುಟ್ಟರೆ ಆ ನಷ್ಟ ವಾಲ್ವಿನದಕ್ಕಿಂತ ಬಹಳ ದೊಡ್ಡದು.

ಕೀಳುವಾಗ ದೊಡ್ಡ ವಾಲ್ವಿನ ಬುಡ ಹಿಡಿಯಿರಿ, ಗಾಜನ್ನಲ್ಲ. ನೇರ ಮೇಲಕ್ಕೆ, ತುಸುವೇ ಅಲ್ಲಾಡಿಸುತ್ತ ಎತ್ತಿ. ಒಂಬತ್ತು ಪಿನ್ನಿನ ಚಿಕ್ಕ ವಾಲ್ವುಗಳ ಪಿನ್ನುಗಳು ನೇರ ಗಾಜಿನಿಂದಲೇ ಹೊರಟಿರುತ್ತವೆ, ಹೆಚ್ಚು ವಾಲಿಸಿದರೆ ಬುಡದಲ್ಲೇ ಬಿರುಕು ಬಿಡುತ್ತದೆ. ಬಟ್ಟೆಯಿಂದ ಗಾಜು ಉಜ್ಜಿದರೆ ಅಚ್ಚಾದ ಹೆಸರೇ ಅಳಿಸಿಹೋಗುತ್ತದೆ, ಹುಷಾರು. ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ಒರೆಸಿ. ಸಾಕೆಟ್ಟಿನ ತೂತುಗಳಿಗೆ ಹಲ್ಲಿನ ಸಂದು ಶುಚಿ ಮಾಡುವ ಸಣ್ಣ ಬ್ರಷ್ ಬಹಳ ಚೆನ್ನಾಗಿ ಹಿಡಿಸುತ್ತದೆ. ಎಷ್ಟೋ ಚಟಚಟ ಸದ್ದು ಇಷ್ಟರಲ್ಲೇ ನಿಂತುಹೋಗುವುದನ್ನು ಕಂಡಿದ್ದೇನೆ.

ಹೊಸದನ್ನು ತರುವಾಗ ಸಾಕೆಟ್ಟಿಗೆ ಕೂತರೆ ಸಾಕೆಂದುಕೊಳ್ಳಬೇಡಿ. 12ಎಎಕ್ಸ್7, 12ಎಯು7 ಎರಡಕ್ಕೂ ಪಿನ್ ಒಂದೇ ಕ್ರಮ, ಆದರೆ ಮೊದಲನೆಯದರ ವರ್ಧನಾಂಕ, ಎಂದರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸಬಲ್ಲದೆಂಬ ಅಂಕಿ, ಸುಮಾರು 100, ಎರಡನೆಯದು 20ರ ಹತ್ತಿರ. ಇಸಿಸಿ88 ಕೂಡ ಅದೇ ಸಾಕೆಟ್ಟಿನಲ್ಲಿ ಕೂರುತ್ತದೆ, ಅದರ ಹೀಟರ್ ಜೋಡಣೆಯೇ ಬೇರೆ. ಇಸಿಸಿ83 ಎಂಬ ಹೆಸರು ಕಂಡರೆ ಗಾಬರಿ ಬೇಡ, ಅದು 12ಎಎಕ್ಸ್7ನ ಯುರೋಪಿನ ಹೆಸರು.

ಈಗ ಮತ್ತೆ ಮೀಟರ್ ನೋಡೋಣ. ವಾಲ್ವ್ ಕಾದಂತೆ 36 ಮಿಲಿವೋಲ್ಟಿಗೆ ಏರಿದೆ. ಕ್ಯಾಥೋಡಿಗೆ 1 ಓಮ್ ರೆಸಿಸ್ಟರ್ ಇರುವುದರಿಂದ ಇದು 36 ಮಿಲಿಆಂಪಿಯರ್ ಕರೆಂಟ್. ಪ್ಲೇಟಿನಲ್ಲಿ 420 ವೋಲ್ಟ್ ಇದೆ, ಗುಣಿಸಿದರೆ 15 ವ್ಯಾಟ್ ಚಿಲ್ಲರೆ. ಇಎಲ್34ರ ಪ್ಲೇಟ್ ತಾಳುವುದು 25 ವ್ಯಾಟ್. ಜೋಡಿ ವಾಲ್ವುಗಳು ಸರದಿಯಂತೆ ದುಡಿಯುವ ಇಂಥ ಪುಷ್-ಪುಲ್ ಆಂಪ್ಲಿಫೈಯರಿನಲ್ಲಿ ಅದರ ಶೇಕಡ 70ನ್ನು ಮೀರದಿದ್ದರೆ ಒಳ್ಳೆಯದು. ಎಂದರೆ 17 ವ್ಯಾಟಿನ ಆಸುಪಾಸು. ಶುರುವಿನಲ್ಲಿ 31 ಕಂಡಾಗಲೇ ಬಯಸ್ ತಿರುಪು ತಿರುಗಿಸಿ 40ಕ್ಕೆ ಏರಿಸಿದ್ದಿದ್ದರೆ ಈಗ 45ರ ಮೇಲಿರುತ್ತಿತ್ತು, 19 ವ್ಯಾಟ್ ಆಗುತ್ತಿತ್ತು. ಅದಕ್ಕೇ ಅರ್ಧ ಗಂಟೆ ಕಾದು ಬಯಸ್ ಮುಟ್ಟಿ ಎನ್ನುವುದು. ಕೆಲವು ಆಂಪ್ಲಿಫೈಯರುಗಳಲ್ಲಿ ಈ ತಿರುಪೇ ಇರುವುದಿಲ್ಲ, ಕ್ಯಾಥೋಡ್ ರೆಸಿಸ್ಟರೇ ಹೊಂದಿಸಿಕೊಳ್ಳುತ್ತದೆ.

ಇದರ ಜೋಡಿ ವಾಲ್ವ್ 38 ತೋರಿಸುತ್ತಿದೆ. ಚಿಕ್ಕ ಸ್ಕ್ರೂಡ್ರೈವರಿನಿಂದ ಮೊದಲನೆಯದನ್ನು ತುಸು ಏರಿಸುತ್ತೇನೆ... 37... 38. ಒಂದನ್ನು ಏರಿಸಿದರೆ ಪಕ್ಕದ್ದು ಕೊಂಚ ಇಳಿಯುತ್ತದೆ, ಹಾಗಾಗಿ ಎರಡನ್ನೂ ಇನ್ನೊಮ್ಮೆ ನೋಡಬೇಕು. ಹತ್ತಿರದಿಂದ ನೋಡಬೇಕೆನ್ನುವವರು ಬನ್ನಿ, ಗಾಜು ಮಾತ್ರ ಮುಟ್ಟಬೇಡಿ, ಚೆನ್ನಾಗಿ ಕಾದಿದೆ.