ಯಾನ ರದ್ದಾಯಿತು, ವಿಮೆಯ ಗತಿ ಏನು?

ಅಧ್ಯಕ್ಷರೇ, ಈ ಮಳೆಯಲ್ಲೂ ಶ್ರೀಮಂಗಲದಿಂದ, ಸಂಪಾಜೆಯಿಂದ, ಶನಿವಾರಸಂತೆಯಿಂದ ಮಡಿಕೇರಿಗೆ ಬಂದು ಕುಳಿತಿರುವ ಹಿರಿಯರೇ, ಎಲ್ಲರಿಗೂ ನಮಸ್ಕಾರ.

ಇನ್ನು ಸ್ವಲ್ಪ ದಿನಗಳಲ್ಲಿ ಮಳೆ ಬಿಡುತ್ತದೆ. ಸಮುದ್ರ ತಣ್ಣಗಾಗುತ್ತದೆ. ಮುಂಬೈ, ಕೊಚ್ಚಿ ಬಂದರುಗಳಿಂದ ವಿಹಾರ ಹಡಗುಗಳು ಮತ್ತೆ ಹೊರಡುತ್ತವೆ. ಸಿಂಗಪುರದಿಂದ ಹೊರಡುವವು ವರ್ಷವಿಡೀ ಇವೆ. ಈ ಸಭೆಯಲ್ಲೇ ಹಲವರು ಮುಂಗಡ ಕಟ್ಟಿದ್ದಾರೆ, ಕೆಲವರಿಗೆ ಹೊರದೇಶದಲ್ಲಿರುವ ಮಕ್ಕಳೇ ಟಿಕೆಟ್ ಮಾಡಿಸಿಕೊಟ್ಟಿದ್ದಾರೆ ಎಂದು ಸಂಘಟಕರು ಹೇಳಿದರು. ಎಲ್ಲರೂ ಒಂದು ಪ್ರವಾಸ ವಿಮೆಯನ್ನೂ ಮಾಡಿಸಿರುತ್ತೀರಿ. ಹಡಗು ಹೊರಡದಿದ್ದರೆ ವಿಮೆ ಕೊಡುತ್ತದೆ ಎಂಬ ಧೈರ್ಯವೂ ಇರುತ್ತದೆ. ಆ ಧೈರ್ಯ ಎಲ್ಲಿಯವರೆಗೆ ಸರಿ, ಎಲ್ಲಿ ಅದು ಕೈಕೊಡುತ್ತದೆ ಎಂದು ಹೇಳಲು ಬಂದಿದ್ದೇನೆ. ವಿಮಾ ಕಂಪನಿಯಲ್ಲಿ ಪರಿಹಾರದ ಅರ್ಜಿಗಳನ್ನು ನೋಡುವ ಕ್ಲೈಮು ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ತಿರಸ್ಕಾರದ ಪತ್ರ ಹೇಗೆ ತಯಾರಾಗುತ್ತದೆ ಎಂದು ಒಳಗಿನಿಂದ ಕಂಡಿದ್ದೇನೆ.

ಎಲ್ಲವೂ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ರದ್ದು ಮಾಡಿದವರು ಯಾರು? ಹಡಗಿನ ಕಂಪನಿಯೋ, ನೀವೋ? ಇವತ್ತು ಇದನ್ನು ಮತ್ತೆ ಮತ್ತೆ ಕೇಳುತ್ತೇನೆ, ಬೇಸರಿಸಬೇಡಿ.

ಕಂಪನಿಯೇ ರದ್ದು ಮಾಡಿದರೆ ಹಣ ಹಿಂದಿರುಗಿಸಬೇಕಾದದ್ದು ಕಂಪನಿ, ವಿಮೆಯಲ್ಲ. ವಿಮೆಯ ಮೂಲ ತತ್ವ ನಷ್ಟ ತುಂಬಿಕೊಡುವುದು. ಹಡಗಿನವರು ಪೂರ್ತಿ ಹಣ ಕೊಟ್ಟ ಮೇಲೆ ನಿಮಗೆ ನಷ್ಟವೇ ಇಲ್ಲ ಎಂದು ವಿಮೆಯವರು ಹೇಳುತ್ತಾರೆ, ಹೇಳಿದರೆ ಅದು ನ್ಯಾಯವೇ. ನೀವೇ ರದ್ದು ಮಾಡಿದರೆ ಮಾತ್ರ ಪಾಲಿಸಿಯ ‘ಪ್ರವಾಸ ರದ್ದತಿ’ ಭಾಗ ಬಾಯಿ ತೆರೆಯುತ್ತದೆ. ಅದೂ ಅಲ್ಲಿ ಬರೆದಿರುವ ಕಾರಣಗಳಿಗೆ ಮಾತ್ರ. ಪ್ರವಾಸ ಹೊರಟವರಿಗೆ ಅಥವಾ ಮನೆಯ ಹತ್ತಿರದವರಿಗೆ ತೀವ್ರ ಕಾಯಿಲೆ, ಸಾವು, ಕೆಲವು ಪಾಲಿಸಿಗಳಲ್ಲಿ ಪ್ರಕೃತಿ ವಿಕೋಪ. ಹೆದರಿಕೆ ಆ ಪಟ್ಟಿಯಲ್ಲಿಲ್ಲ. ಮನಸ್ಸು ಬದಲಾಯಿತು ಎಂಬುದೂ ಇಲ್ಲ.

ಇದಕ್ಕೆ ವಿರಾಜಪೇಟೆ ಕಡೆಯ ಒಬ್ಬ ಸುಬೇದಾರರ ಕಥೆ ಹೇಳಲೇಬೇಕು. ಹೆಸರು ಬೇಡ. ಸೇನೆಯಿಂದ ನಿವೃತ್ತರಾಗಿ ತೋಟ ನೋಡಿಕೊಂಡಿದ್ದವರು. 2020ರ ಮಾರ್ಚ್ ಕೊನೆಗೆ ಸಿಂಗಪುರದಿಂದ ಹೊರಡುವ ಹಡಗಿಗೆ ಗಂಡ ಹೆಂಡತಿ ಟಿಕೆಟ್ ಮಾಡಿಸಿದ್ದರು. ಪಕ್ಕದ ತೋಟದ ದಂಪತಿಗಳೂ ಅದೇ ಹಡಗಿಗೆ, ಅದೇ ಏಜೆಂಟರ ಬಳಿ. ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 3,711 ಜನರಿದ್ದ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೊನಾ ಕಾರಣಕ್ಕೆ ನಿಲ್ಲಿಸಿಟ್ಟದ್ದು ನಿಮಗೆ ನೆನಪಿರಬೇಕು. ಅದರಲ್ಲಿ ನಮ್ಮ ದೇಶದವರೂ 138 ಮಂದಿ ಇದ್ದರು. ಸುಬೇದಾರರ ಮನೆಯಲ್ಲಿ ದಿನವೂ ಟಿವಿಯಲ್ಲಿ ಅದೇ. ಮಗಳು ಫೋನ್ ಮಾಡಿ, “ಅಪ್ಪ, ಹೋಗಬೇಡಿ” ಎಂದು ಅತ್ತಳು. ಮಾರ್ಚ್ ಮೊದಲ ವಾರ ಸುಬೇದಾರರು ಏಜೆಂಟರ ಕಚೇರಿಗೆ ತಾವೇ ಹೋಗಿ, “ರದ್ದು ಮಾಡಿ” ಎಂದು ಬರೆದು ಸಹಿ ಹಾಕಿಕೊಟ್ಟರು. ಸೈನಿಕರ ಶಿಸ್ತು, ಬಾಯಿಮಾತಿಗೆ ಬಿಡಲಿಲ್ಲ.

ಪಕ್ಕದ ತೋಟದವರೂ ರದ್ದು ಮಾಡಬೇಕೆಂದೇ ಇದ್ದರು. ಆದರೆ ಆಗ ಮೆಣಸಿನ ಕೊಯ್ಲು. ಬಳ್ಳಿ ಹತ್ತುವ ಆಳು ಸಿಗುವುದೇ ಕಷ್ಟ, ಸಿಕ್ಕ ದಿನ ಬಿಡುವಂತಿಲ್ಲ, ಕಣದಲ್ಲಿ ಹರಡಿದ ಮೆಣಸನ್ನು ಬಿಟ್ಟು ಪೇಟೆಗೆ ಹೋಗುವಂತೆಯೂ ಇಲ್ಲ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎನ್ನುತ್ತಿದ್ದರು. ಅಷ್ಟರಲ್ಲಿ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಪಿಡುಗು ಎಂದು ಕರೆಯಿತು, ಹಡಗಿನ ಕಂಪನಿ ತಾನಾಗಿಯೇ ಯಾನ ನಿಲ್ಲಿಸಿತು. ಮೆಣಸು ಕೊಯ್ಯುತ್ತಿದ್ದವರಿಗೆ ಪೂರ್ತಿ ಹಣ ಬಂತು. ಸಹಿ ಹಾಕಿದ್ದ ಸುಬೇದಾರರಿಗೆ ಬಂದರು ಶುಲ್ಕ ಮತ್ತು ತೆರಿಗೆ ಬಿಟ್ಟು ಬೇರೇನೂ ಬರಲಿಲ್ಲ. ಹೊರಡುವ ದಿನ ಹತ್ತಿರವಾದಷ್ಟೂ ರದ್ದತಿಯ ದಂಡ ಏರುತ್ತದೆ, ಕೊನೆಯ ವಾರಗಳಲ್ಲಿ ಪೂರ್ತಿ ಶುಲ್ಕವೇ ಹೋಗುತ್ತದೆ. ಒಂದೇ ಹಡಗು, ಒಂದೇ ಏಜೆಂಟ್, ಅಕ್ಕಪಕ್ಕದ ತೋಟ. ರದ್ದು ಮಾಡಿದವರು ಯಾರು ಎಂಬುದೊಂದೇ ವ್ಯತ್ಯಾಸ!

ಸುಬೇದಾರರು ವಿಮೆಗೆ ಅರ್ಜಿ ಹಾಕಿದರು. ತಿರಸ್ಕಾರಕ್ಕೆ ಎರಡು ಕಾರಣ ಬಂದವು. ಮೊದಲನೆಯದು, ಭಯಕ್ಕೆ ರಕ್ಷಣೆ ಇಲ್ಲ. ಎರಡನೆಯದನ್ನು ಎಲ್ಲರೂ ಗಮನಿಸಬೇಕು: ಪಾಲಿಸಿ ಕೊಂಡದ್ದು ಫೆಬ್ರುವರಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಘೋಷಿಸಿದ್ದು ಜನವರಿ 30ರಂದು. ಊರಿಗೆಲ್ಲ ತಿಳಿದ ಮೇಲೆ ಮಾಡಿಸಿದ ವಿಮೆ ಆ ಘಟನೆಗೆ ಅನ್ವಯಿಸುವುದಿಲ್ಲ. ಗುಡ್ಡ ಬಿರುಕು ಬಿಟ್ಟ ಮೇಲೆ ಮನೆಗೆ ವಿಮೆ ಮಾಡಿಸಲು ಹೋದಂತೆ. 2018ರ ಆಗಸ್ಟಿನ ಗುಡ್ಡ ಕುಸಿತ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಯೆಮನ್ ದೇಶದ ಹೂತಿ ಬಂಡುಕೋರರ ದಾಳಿ ಶುರುವಾದಾಗಲೂ ಹೀಗೆಯೇ. ಆ ದಾರಿಯ ಯಾನಗಳು ರದ್ದಾದವು, ಕೆಲವು ಆಫ್ರಿಕಾ ಸುತ್ತಿದವು. ಆಮೇಲೆ ಪಾಲಿಸಿ ಕೊಂಡವರಿಗೆ ಅದು ತಿಳಿದಿದ್ದ ಘಟನೆ, ಜೊತೆಗೆ ಯುದ್ಧವನ್ನು ಹೆಚ್ಚಿನ ಪಾಲಿಸಿಗಳು ಮೊದಲೇ ಹೊರಗಿಟ್ಟಿರುತ್ತವೆ.

ಸುಬೇದಾರರಿಗೆ ಒಂದು ಮಾತ್ರ ದಕ್ಕಿತು, ಪ್ರೀಮಿಯಂ. ವಿಮೆಯ ಅವಧಿ ಶುರುವಾಗುವ ಮೊದಲೇ ಪಾಲಿಸಿ ರದ್ದು ಮಾಡಲು ಕೇಳಿದರೆ ಸಣ್ಣ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಕೊಡುವುದುಂಟು. ಅವಧಿ ಶುರುವಾದ ಮೇಲೆ ಕೇಳಿದರೆ ಪ್ರಯಾಣ ಮಾಡಿಲ್ಲ ಎಂಬುದಕ್ಕೆ ಪಾಸ್‌ಪೋರ್ಟಿನ ಪುಟಗಳ ಪ್ರತಿ ಕೇಳುತ್ತಾರೆ. ಯಾನವನ್ನು ಮುಂದಿನ ತಿಂಗಳಿಗೆ ಹಾಕಿದ್ದರೆ ಪಾಲಿಸಿಯ ದಿನಾಂಕವನ್ನೂ ಬದಲಿಸಿಕೊಡಿ ಎಂದು ಬರೆದು ಕೇಳಿ. ಕೇಳದವರಿಗೆ ಅದು ತಾನಾಗಿ ಬದಲಾಗುವುದಿಲ್ಲ.

ಈಗ ಕಂಪನಿಯೇ ರದ್ದು ಮಾಡಿತು ಎಂದಿಟ್ಟುಕೊಳ್ಳಿ. ಎಲ್ಲ ಸರಿಹೋಯಿತೇ? ಇಲ್ಲ. ಹಡಗಿನ ಹಣ ಬರುತ್ತದೆ, ಹಡಗಿನವರೆಗೆ ಹೋಗಲು ಮಾಡಿದ ಖರ್ಚು ಬರುವುದಿಲ್ಲ. ನಮ್ಮ ಜಿಲ್ಲೆಗೆ ರೈಲಿಲ್ಲ, ವಿಮಾನವಿಲ್ಲ. ಕಣ್ಣೂರಿಗೋ ಬೆಂಗಳೂರಿಗೋ ಟ್ಯಾಕ್ಸಿ, ಅಲ್ಲಿಂದ ವಿಮಾನ, ಹಿಂದಿನ ರಾತ್ರಿಯ ಹೋಟೆಲು, ವೀಸಾ ಶುಲ್ಕ. ಇದನ್ನೆಲ್ಲ ಬೇರೆ ಬೇರೆ ಕಡೆ ನೀವೇ ಕೊಂಡಿದ್ದರೆ ಹಡಗಿನವರು ‘ಅದು ನಮ್ಮದಲ್ಲ’ ಎನ್ನುತ್ತಾರೆ. ವಿಮೆಯವರು ‘ಕಂಪನಿ ರದ್ದು ಮಾಡಿದ್ದು ನಮ್ಮ ಪಟ್ಟಿಯಲ್ಲಿಲ್ಲ’ ಎನ್ನುತ್ತಾರೆ. ಇವೆರಡರ ನಡುವೆ ಬೀಳುವ ಹಣ ನಿಮ್ಮದು, ನಿಮ್ಮ ಪಿಂಚಣಿಯದು. ನನಗೆ ಸಂಕಟವಾಗುವುದು ಇಲ್ಲಿಯೇ. ಆದ್ದರಿಂದ ಸಾಧ್ಯವಿದ್ದರೆ ವಿಮಾನದ ಟಿಕೆಟನ್ನು ಹಡಗಿನ ಕಂಪನಿಯ ಪ್ಯಾಕೇಜಿನಲ್ಲಿಯೇ ತೆಗೆದುಕೊಳ್ಳಿ. ಇಲ್ಲವಾದರೆ ಸ್ವಲ್ಪ ದುಬಾರಿಯಾದರೂ ಹಣ ಮರಳುವ ಟಿಕೆಟ್ ಕೊಳ್ಳಿ.

ದಾರಿಯ ಮಾತು ಬಂದದ್ದರಿಂದ ಹೇಳುತ್ತೇನೆ. 2018ರಲ್ಲಿ ಸಂಪಾಜೆ ಘಾಟಿಯೂ ಕುಸಿಯಿತು, ಕಣ್ಣೂರಿಗೆ ಇಳಿಯುವ ಮಾಕುಟ್ಟ ರಸ್ತೆಯೂ ಕುಸಿಯಿತು. ಅಂಥ ದಿನ ನಿಮ್ಮ ಕಾರು ಆ ದಾರಿಯ ಪೆರುಂಬಾಡಿಯಲ್ಲಿ ನಿಂತು ಹಡಗು ತಪ್ಪಿದರೆ ಹಡಗು ರದ್ದಾದಂತಲ್ಲ. ಅದು ಹೊರಟೇ ಹೋಗಿರುತ್ತದೆ, ಟಿಕೆಟಿನ ಹಣ ಅದರೊಡನೆ ಹೋಗಿರುತ್ತದೆ. ‘ಮುಂದಿನ ಪ್ರಯಾಣದ ಸಂಪರ್ಕ ತಪ್ಪಿದರೆ ಪರಿಹಾರ’ ಎಂದು ಪಾಲಿಸಿಯಲ್ಲಿ ಇರುವುದು ಸಾಮಾನ್ಯವಾಗಿ ವಿಮಾನ ತಡವಾದದ್ದಕ್ಕೆ, ಸ್ವಂತ ಕಾರಿಗಲ್ಲ. ಮಳೆ ಇರುವಾಗ ಒಂದು ದಿನ ಮೊದಲೇ ಘಾಟಿ ಇಳಿದುಬಿಡಿ. ಬಂದರಿನ ಊರಿನಲ್ಲಿ ಒಂದು ರಾತ್ರಿ ತಂಗುವ ಖರ್ಚು ದೊಡ್ಡದಲ್ಲ.

ಇನ್ನು ವೋಚರು. ಕೊರೊನಾ ಕಾಲದಲ್ಲಿ ಹಲವು ಕಂಪನಿಗಳು, “ಹಣ ಬೇಡ, ಮುಂದಿನ ಯಾನಕ್ಕೆ ನೂರಕ್ಕೆ ನೂರಿಪ್ಪತ್ತೈದು ಕೊಡುತ್ತೇವೆ” ಎಂದವು. ಆಸೆಯಾಗುತ್ತದೆ. ಒಪ್ಪಿದಿರೋ, ನಿಮ್ಮ ನಷ್ಟ ತುಂಬಿತು ಎಂದು ವಿಮೆಯ ಲೆಕ್ಕ. ಆ ವೋಚರಿನ ಬೆಲೆ ಕಂಪನಿಯ ಆಯುಷ್ಯದಷ್ಟೇ. 2019ರಲ್ಲಿ ಮುಂಬೈಯಿಂದ ಸಂಭ್ರಮದಲ್ಲಿ ಹೊರಟ ಜಲೇಶ್ ಕ್ರೂಸಸ್ 2020ರ ಅಕ್ಟೋಬರಿನಲ್ಲಿ ಮುಚ್ಚಿಹೋಯಿತು, ಅದರ ಕರ್ಣಿಕಾ ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಹೋಯಿತು. ಕಂಪನಿಯೇ ದಿವಾಳಿಯಾದರೆ ಹೆಚ್ಚಿನ ಪಾಲಿಸಿಗಳು ಒಂದು ಪೈಸೆ ಕೊಡುವುದಿಲ್ಲ. ನಗದು ಕೊಡುತ್ತೇವೆ ಎಂದರೆ ನಗದನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬರೆದುಕೊಂಡು ಬಂದದ್ದು ಇನ್ನೂ ಅರ್ಧ ಇದೆ, ಬೇಗ ಮುಗಿಸುತ್ತೇನೆ.

ಮಕ್ಕಳು ಅಮೆರಿಕದಲ್ಲಿದ್ದು ಅಲಾಸ್ಕಾ ಯಾನಕ್ಕೆ ಕರೆದಿದ್ದರೆ ತಿಳಿದಿರಲಿ: ಅಮೆರಿಕದ ಬಂದರಿನಿಂದ ಹೊರಡುವ ಹಡಗು ರದ್ದಾದರೆ ಅಥವಾ ಮೂರು ದಿನ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ಹಣ ಕೇಳುವ ಹಕ್ಕು 2022ರಿಂದ ನಿಯಮದಲ್ಲೇ ಇದೆ. ಅಲ್ಲಿ ‘ಯಾವ ಕಾರಣಕ್ಕಾದರೂ ರದ್ದು’ ಎಂಬ ದುಬಾರಿ ಪಾಲಿಸಿಯೂ ಸಿಗುತ್ತದೆ. ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಪಾಲು ಕೊಡುತ್ತದೆ, ಆದರೆ ಮುಂಗಡ ಕಟ್ಟಿದ ಎರಡು ಮೂರು ವಾರಗಳೊಳಗೆ ಕೊಳ್ಳಬೇಕು.

ವಿಮೆಯವರು ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಆ ವಿಮಾ ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ, ಅಂದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರು ಬೇಡ, ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ಹಡಗಿನ ಕಂಪನಿ ಅಥವಾ ಏಜೆಂಟರ ಮೇಲೆ ದೂರಿದ್ದರೆ ಗ್ರಾಹಕರ ಆಯೋಗ. 2019ರ ಕಾಯಿದೆಯ ಪ್ರಕಾರ ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಮುಂಬೈಗೆ ಹೋಗಬೇಕಾಗಿಲ್ಲ, ನಮ್ಮ ಜಿಲ್ಲಾ ಆಯೋಗ ಇಲ್ಲೇ ಮಡಿಕೇರಿಯಲ್ಲಿದೆ. ಎರಡು ವರ್ಷದ ಗಡುವು ಮೀರಬಾರದು. ಏಜೆಂಟರೊಡನೆ ಆಡಿದ ಮಾತಿಗಿಂತ ಅವರು ಕಳುಹಿಸಿದ ಇಮೇಲ್ ಮುಖ್ಯ. ಕಂಪನಿ ರದ್ದು ಮಾಡಿದ ಪತ್ರ, ದಿನಾಂಕ ಸಮೇತ, ಕೈಯಲ್ಲಿರಲಿ. ರದ್ದು ಮಾಡಿದವರು ಯಾರು ಎಂಬುದಕ್ಕೆ ಸಾಕ್ಷಿ ಅದೇ.

ಮೊದಲೇ ಇದ್ದ ಕಾಯಿಲೆಗಳ ವಿಷಯ ಹೇಳಲು ಸಮಯ ಉಳಿಯಲಿಲ್ಲ. ಸಕ್ಕರೆ, ರಕ್ತದೊತ್ತಡ ಇರುವವರು ಪಾಲಿಸಿ ಕೊಳ್ಳುವಾಗಲೇ ಅದನ್ನು ಬರೆದುಕೊಡಿ. ಪಾಲಿಸಿಯ ಪ್ರತಿಯನ್ನು ತಂದಿರುವವರು ಕಾಫಿ ಕುಡಿದು ಪಕ್ಕದ ಕೋಣೆಗೆ ಬನ್ನಿ, ಕತ್ತಲಾಗುವವರೆಗೂ ಇರುತ್ತೇನೆ. ಒಬ್ಬೊಬ್ಬರದನ್ನೂ ಕುಳಿತು ಓದೋಣ.