ಮೂರು ತಿಂಗಳಿಗೆ ಕೆಲಸ ಬಿಟ್ಟ ಹುಡುಗ, ಮಾತು ಬಿಟ್ಟ ತಾಯಿ

ಎಲ್ಲರಿಗೂ ನಮಸ್ಕಾರ.

ಇವತ್ತು 2010ರ ಒಂದು ಜಪಾನೀ ಧಾರಾವಾಹಿ ಬಗ್ಗೆ ಮಾತಾಡುತ್ತೇನೆ. ಹೆಸರು 'ಫ್ರೀಟರ್, ಇಎ ಒ ಕೌ'. ಫ್ರೀಟರ್ ಒಬ್ಬ ಮನೆ ಕೊಳ್ಳುತ್ತಾನೆ ಅಂತ ಅರ್ಥ. ಅರಿಕಾವಾ ಹಿರೋ ಅವರ ಕಾದಂಬರಿ ಇದಕ್ಕೆ ಮೂಲ. ಫುಜಿ ಟಿವಿಯಲ್ಲಿ ವಾರಕ್ಕೊಂದರಂತೆ ಬಂದು 10 ಕಂತಿಗೆ ಮುಗಿಯಿತು. ನಮ್ಮ ಧಾರಾವಾಹಿಗಳ ಥರ ವರ್ಷಗಟ್ಟಲೆ ಎಳೆಯಲಿಲ್ಲ.

ಕಾಯಂ ನೌಕರಿ ಇಲ್ಲದೆ ಸಣ್ಣಪುಟ್ಟ ತಾತ್ಕಾಲಿಕ ಕೆಲಸದಲ್ಲೇ ದಿನ ತಳ್ಳುವ ಹುಡುಗ ಹುಡುಗಿಯರನ್ನು ಜಪಾನಿನಲ್ಲಿ ಫ್ರೀಟರ್ ಅನ್ನುತ್ತಾರೆ. 2003ರಲ್ಲಿ ಇಂಥವರು 21 ಲಕ್ಷಕ್ಕೂ ಜಾಸ್ತಿ ಇದ್ದರು ಅಂತ ಸರ್ಕಾರದ್ದೇ ಲೆಕ್ಕ. ಸೋಮಾರಿಗಳು ಅಂತ ಸುಮ್ನೆ ಬೈದುಬಿಡುವುದು ಸುಲಭ. ಆದರೆ ಅಲ್ಲಿನ ದೊಡ್ಡ ಕಂಪನಿಗಳು ಕಾಲೇಜು ಮುಗಿಸಿದವರನ್ನು ಏಪ್ರಿಲ್‌ನಲ್ಲಿ ಒಟ್ಟಿಗೆ ಸೇರಿಸಿಕೊಳ್ಳುತ್ತವೆ, ಆ ಬಸ್ಸು ತಪ್ಪಿದರೆ ಅಥವಾ ಹತ್ತಿ ಮಧ್ಯದಲ್ಲೇ ಇಳಿದುಬಿಟ್ಟರೆ ಮತ್ತೆ ಹತ್ತುವುದು ತುಂಬಾ ಕಷ್ಟ. 1990ರ ದಶಕದಲ್ಲಿ ಆರ್ಥಿಕತೆ ಕುಸಿದ ಮೇಲಂತೂ ಬಸ್ಸಿನಲ್ಲಿ ಜಾಗವೇ ಕಮ್ಮಿಯಾಯಿತು.

ನಮ್ಮ ಕಥೆಯ ಹುಡುಗ ಸೇಜಿ ಹೀಗೆ ಇಳಿದವನು. ಮೊದಲ ಕೆಲಸವನ್ನು ಮೂರೇ ತಿಂಗಳಿಗೆ ಬಿಡುತ್ತಾನೆ. ಆಮೇಲೆ ಹೋದ ಸಂದರ್ಶನದಲ್ಲೆಲ್ಲ ಅದೇ ಪ್ರಶ್ನೆ: ಯಾಕೆ ಬಿಟ್ಟೆ? ಆ ಪಾತ್ರದಲ್ಲಿ ನಿನೊಮಿಯಾ ಕಝುನಾರಿ. 'ಅರಾಶಿ' ಅನ್ನುವ ಜನಪ್ರಿಯ ಹಾಡುಗಾರರ ತಂಡದವರು. ಅಂಥ ತಾರೆ ಇಲ್ಲಿ ಹೆಲ್ಮೆಟ್ ಹಾಕಿಕೊಂಡು ರಾತ್ರಿ ಹೊತ್ತು ರಸ್ತೆ ಅಗೆಯುತ್ತಾರೆ.

ನನಗೆ ಮಾತ್ರ ಈ ಧಾರಾವಾಹಿಯ ಜೀವ ಇರುವುದು ತಾಯಿ ಸುಮಿಕೊಳಲ್ಲಿ. ಅಸಾನೊ ಅತ್ಸುಕೊ ಆ ಪಾತ್ರ ಮಾಡಿದ್ದಾರೆ. ಸುಮಿಕೊಗೆ ಖಿನ್ನತೆ. ಅಕ್ಕಪಕ್ಕದ ಮನೆಯವರು ವರ್ಷಗಟ್ಟಲೆ ಅವಳನ್ನು ಕಾಡಿದ್ದಾರೆ, ಅವಳು ಗಂಡ ಮಕ್ಕಳಿಗೆ ತೊಂದರೆ ಬೇಡ ಅಂತ ಎಲ್ಲವನ್ನೂ ನುಂಗಿಕೊಂಡಿದ್ದಾಳೆ. ಮದುವೆಯಾಗಿ ಬೇರೆ ಊರಲ್ಲಿರುವ ಮಗಳು ಆಯಾಕೊಗೆ ಅದು ಗೊತ್ತು. ಒಂದೇ ಸೂರಿನಡಿ ಊಟ ಮಾಡುವ ಗಂಡನಿಗೂ ಮಗನಿಗೂ ಗೊತ್ತಿಲ್ಲ! ಅಪ್ಪನಂತೂ ಇದನ್ನು ಕಾಯಿಲೆ ಅಂತಲೇ ಒಪ್ಪುವುದಿಲ್ಲ, ಮನಸ್ಸು ಗಟ್ಟಿ ಇಲ್ಲ ಅಷ್ಟೇ ಅನ್ನುತ್ತಾನೆ. ಈ ಮಾತು ನಮ್ಮ ಮನೆಗಳಲ್ಲೂ ಕೇಳಿದ್ದೇವೆ, ಅಲ್ವಾ?

ಅಮ್ಮನಿಗೆ ಹೀಗಾದ ಮೇಲೆ ಮಗನ ದಿನಚರಿ ಬದಲಾಗುತ್ತದೆ. ಹೊತ್ತು ಹೊತ್ತಿಗೆ ಮಾತ್ರೆ ನುಂಗಿದಳಾ ಅಂತ ನೋಡಬೇಕು, ಒಬ್ಬಳನ್ನೇ ಬಿಡಬಾರದು. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ವಾರಗಟ್ಟಲೆ ಕಾಯಬೇಕು, ಸ್ವಲ್ಪ ಗೆಲುವಾದಳು ಅಂತ ನಿಲ್ಲಿಸುವ ಹಾಗೂ ಇಲ್ಲ. ಈ ಕಾಯುವಿಕೆಯನ್ನು ಧಾರಾವಾಹಿ ಅವಸರ ಮಾಡದೆ ತೋರಿಸುತ್ತದೆ. ಒಂದು ಕಂತಿನಲ್ಲಿ ನಕ್ಕ ತಾಯಿ ಮುಂದಿನ ಕಂತಿನಲ್ಲಿ ಮತ್ತೆ ಮೂಲೆ ಸೇರುತ್ತಾಳೆ. ನೋಡುವುದಕ್ಕೆ ನಿಜವಾಗಿಯೂ ಸಂಕಟವಾಗುತ್ತದೆ.

ಆ ಬೀದಿಯಿಂದ ಅಮ್ಮನನ್ನು ಬಿಡಿಸಬೇಕು, ಅದಕ್ಕೆ ಬೇರೆ ಮನೆ ಬೇಕು, ಮನೆಗೆ ದುಡ್ಡು ಬೇಕು. ಮಗ 10 ಲಕ್ಷ ಯೆನ್ ಕೂಡಿಡಲು ಹೊರಡುತ್ತಾನೆ. ಅದರಲ್ಲಿ ಮನೆ ಬರುವುದಿಲ್ಲ, ಮುಂಗಡಕ್ಕೆ ಒಂದಿಷ್ಟಾಗುತ್ತದೆ. ರಸ್ತೆ ಕೆಲಸದ ಕೂಲಿಗೆ ಅವನು ಮೊದಲು ಮೂಗು ಮುರಿದಿದ್ದ. ಈಗ ಅದೇ ಕೂಲಿಯ ಹಣವನ್ನು ಎಣಿಸಿ ಎಣಿಸಿ ಇಡುತ್ತಾನೆ.

ನನಗೊಂದು ತಕರಾರಿದೆ. ಹುಡುಗ ಬೆವರು ಸುರಿಸಿದ, ಹಿರಿಯ ಕೆಲಸಗಾರರಿಂದ ಕಲಿತ, ದಾರಿಗೆ ಬಂದ ಎನ್ನುವ ಕಥೆ ಹಿತವಾಗಿದೆ. ಆದರೆ 2008ರ ಕೊನೆಗೆ ಜಪಾನಿನ ಕಾರ್ಖಾನೆಗಳು ಗುತ್ತಿಗೆ ಕೆಲಸಗಾರರನ್ನು ಹೊರಗೆ ಹಾಕಿದಾಗ ಎಷ್ಟೋ ಜನಕ್ಕೆ ಕೆಲಸದ ಜೊತೆ ಕಂಪನಿ ಕೊಟ್ಟ ವಸತಿಯೂ ಹೋಯಿತು. ಹೊಸ ವರ್ಷಕ್ಕೆ ಟೋಕಿಯೊದ ಹಿಬಿಯಾ ಪಾರ್ಕಿನಲ್ಲಿ ಡೇರೆ ಹಾಕಿ ನೂರಾರು ಜನಕ್ಕೆ ಊಟ ಹಾಕಬೇಕಾಯಿತು. ಅವರೇನು ಬೆವರು ಸುರಿಸದವರಾ? ಸೇಜಿಗೆ ಬೈದರೂ ಅನ್ನ ಹಾಕುವ ಅಪ್ಪ ಇದ್ದ, ಮಲಗಲು ಕೋಣೆ ಇತ್ತು. ಆ ಡೇರೆಗಳ ಕಥೆ ಬರೆಯಲು ಬೇರೆಯೇ ಧಾರಾವಾಹಿ ಬೇಕು, ಅದನ್ನೂ ಯಾರಾದರೂ ಇಷ್ಟೇ ಪ್ರೀತಿಯಿಂದ ಮಾಡಲಿ ಅಂತ ನನ್ನ ಆಸೆ.